ಬೆಂಗಳೂರಿಗೇ ಹೋಗ್ಬೇಕಾ ಡಾಕ್ಟ್ರೇ?

ಕಳೆದ ಬೇಸಿಗೆಯ ಒಂದು ರಾತ್ರಿ, ಹನ್ನೊಂದೂವರೆ ಆಗಿರಬೇಕು. ಚನ್ನಗಿರಿ ಕಡೆಯ ಅಡಿಕೆ ತೋಟದವರೊಬ್ಬರನ್ನು ಮಕ್ಕಳು ಕಾರಿನಲ್ಲಿ ಕರೆತಂದರು. ವಯಸ್ಸು 58. ಎದೆ ಮೇಲೆ ಕಲ್ಲು ಹೇರಿದ ಹಾಗಿದೆ ಅಂತಿದ್ದರು. ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ಇಸಿಜಿ ಪಟ್ಟಿ ಮೆಷಿನ್ನಿಂದ ಹೊರಗೆ ಬರುತ್ತಿದ್ದಾಗಲೇ ವಿಷಯ ಗೊತ್ತಾಯಿತು. ಸಮವಾಗಿ ಓಡಬೇಕಾದ ಗೆರೆ ಮೂರು ಕಡೆ ಗುಡ್ಡದ ಹಾಗೆ ಎದ್ದಿತ್ತು. ಹೃದಯದ ಒಂದು ರಕ್ತನಾಳ ಪೂರ್ತಿ ಕಟ್ಟಿಕೊಂಡಿದೆ ಅಂತ ಅರ್ಥ.

ದೊಡ್ಡ ಮಗ ಕೈ ಹಿಡಿದುಕೊಂಡು ಕೇಳಿದ: "ಸರ್, ಕಾರು ಹೊರಗೇ ನಿಂತೈತಿ. ಈಗಲೇ ಬೆಂಗ್ಳೂರಿಗೆ ಕರ್ಕಂಡು ಹೋಗ್ತೀವಿ. ಯಾವ ದೊಡ್ಡ ಆಸ್ಪತ್ರೆ ಅಂತ ಹೇಳಿಬಿಡ್ರಿ."

ದಾವಣಗೆರೆಯಿಂದ ಬೆಂಗಳೂರಿಗೆ ಸುಮಾರು 260 ಕಿಲೋಮೀಟರ್. ಎಷ್ಟೇ ಜೋರಾಗಿ ಓಡಿಸಿದರೂ ನಾಲ್ಕು ಗಂಟೆ. ಇಂಥ ಹೃದಯಾಘಾತದಲ್ಲಿ ರೋಗಿ ಆಸ್ಪತ್ರೆ ಬಾಗಿಲು ದಾಟಿದ 90 ನಿಮಿಷದೊಳಗೆ ರಕ್ತನಾಳ ತೆರೆಯಬೇಕು ಅನ್ನೋದು ನಮ್ಮ ಗುರಿ. ತಡವಾದಷ್ಟೂ ಹೃದಯದ ಸ್ನಾಯು ಸಾಯುತ್ತಾ ಹೋಗುತ್ತದೆ. ಸತ್ತ ಸ್ನಾಯುವನ್ನು ಬೆಂಗಳೂರೂ ಬದುಕಿಸಿ ಕೊಡುವುದಿಲ್ಲ. ಆಸ್ಪಿರಿನ್ ಅಗಿಸಿ, ಊರಲ್ಲೇ ಇರುವ ಕ್ಯಾಥ್‌ಲ್ಯಾಬ್‌ಗೆ, ಅಂದರೆ ಕಟ್ಟಿಕೊಂಡ ರಕ್ತನಾಳವನ್ನು ತೂರುನಳಿಕೆ ಹಾಕಿ ತೆರೆಯುವ ಕೋಣೆಗೆ, ಫೋನ್ ಮಾಡಿ ಕಳಿಸಿದೆ. ರಾತ್ರಿ ಒಂದು ಗಂಟೆಗೆ ಮೊದಲೇ ಸ್ಟೆಂಟ್, ಅಂದರೆ ರಕ್ತನಾಳ ತೆರೆದಿಡುವ ಸಣ್ಣ ಬಲೆಯ ಕೊಳವೆ, ಬಿತ್ತು. ನಾಲ್ಕನೇ ದಿನ ಅವರು ಮನೆಗೆ ಹೋದರು. ಈಗ ತೋಟಕ್ಕೆ ಓಡಾಡಿಕೊಂಡಿದ್ದಾರೆ.

ಆ ಮಗನ ಮೇಲೆ ನನಗೆ ಸಿಟ್ಟಿಲ್ಲ. ಅಪ್ಪನಿಗೆ ಒಳ್ಳೆಯದು ಸಿಗಲಿ ಅಂತಲೇ ಕೇಳಿದ್ದು, ಅಲ್ವಾ? ಆದರೆ ಈ "ದೊಡ್ಡ ಆಸ್ಪತ್ರೆ" ಅನ್ನೋ ಮಾತನ್ನು ಸ್ವಲ್ಪ ಬಿಡಿಸಿ ನೋಡಬೇಕು. ಹೆಸರು ದೊಡ್ಡದು ಹೇಗಾಯಿತು, ಯಾವುದರಲ್ಲಿ ದೊಡ್ಡದು ಅಂತ ಗೊತ್ತಿದ್ದರೆ, ಯಾವಾಗ ಹೋಗಬೇಕು, ಯಾವಾಗ ಹೋಗಬಾರದು ಅನ್ನೋದೂ ಗೊತ್ತಾಗುತ್ತದೆ.

ನಮ್ಮ ಕಡೆ ಸರ್ಕಾರಿ ಆಸ್ಪತ್ರೆ ಬಿಟ್ಟರೆ ಮೊದಲು ಬೆಳೆದದ್ದು ವಿದ್ಯಾಸಂಸ್ಥೆಗಳ ಆಸ್ಪತ್ರೆ. ಬಾಪೂಜಿ ವಿದ್ಯಾಸಂಸ್ಥೆ ಶುರುವಾದದ್ದು 1958ರಲ್ಲಿ, ಅದರ ಜೆಜೆಎಂ ವೈದ್ಯಕೀಯ ಕಾಲೇಜು 1965ರಲ್ಲಿ. ಹರಪನಹಳ್ಳಿ, ಜಗಳೂರು, ರಾಣೆಬೆನ್ನೂರು, ಚಿತ್ರದುರ್ಗದ ಜನ ಎಷ್ಟೋ ವರ್ಷದಿಂದ ಇಲ್ಲಿಗೇ ಬರುತ್ತಿದ್ದಾರೆ. ಒಂದೇ ಹೆಸರಿನಲ್ಲಿ ಊರೂರಿಗೆ ಹಬ್ಬುವ ಖಾಸಗಿ ಆಸ್ಪತ್ರೆಗಳ ಕಥೆ ಬೇರೆ. ಅಮೆರಿಕದಲ್ಲಿ ತರಬೇತಾಗಿ ಬಂದಿದ್ದ ಡಾ. ಪ್ರತಾಪ್ ಸಿ. ರೆಡ್ಡಿಯವರು 1979ರಲ್ಲಿ ಒಬ್ಬ ರೋಗಿಯನ್ನು ಕಳೆದುಕೊಂಡರು. ಹೃದಯದ ಆಪರೇಷನ್‌ಗೆ ವಿದೇಶಕ್ಕೆ ಹೋಗಲು ಆ ರೋಗಿಯ ಕೈಲಿ ಹಣ ಇರಲಿಲ್ಲ. ಅದೇ ನೋವಿನಿಂದ 1983ರಲ್ಲಿ ಚೆನ್ನೈನಲ್ಲಿ 150 ಹಾಸಿಗೆಯ ಅಪೋಲೊ ಶುರುವಾಯಿತು. ಇವತ್ತು ಅದಕ್ಕೆ ದೇಶದಾದ್ಯಂತ ಹತ್ತು ಸಾವಿರದಷ್ಟು ಹಾಸಿಗೆಗಳಿವೆ.

ಮಣಿಪಾಲದ್ದು ಇನ್ನೊಂದು ದಾರಿ. 1953ರಲ್ಲಿ ಡಾ. ಟಿ.ಎಂ.ಎ. ಪೈ ಕಟ್ಟಿದ ವೈದ್ಯಕೀಯ ಕಾಲೇಜು ಅದರ ಬೇರು. 1991ರಲ್ಲಿ ಬೆಂಗಳೂರಿನ ಹಳೇ ಏರ್‌ಪೋರ್ಟ್ ರಸ್ತೆಗೆ ಬಂತು. 2021ರಲ್ಲಿ ಕೊಲಂಬಿಯಾ ಏಷ್ಯಾ ಆಸ್ಪತ್ರೆಗಳನ್ನೂ, 2023ರಲ್ಲಿ ಕೋಲ್ಕತ್ತದ ಎಎಂಆರ್‌ಐಯನ್ನೂ ತನ್ನದಾಗಿ ಮಾಡಿಕೊಂಡಿತು. ಹೊಸ ಕಟ್ಟಡ ಕಟ್ಟುವುದಕ್ಕಿಂತ ನಡೆಯುತ್ತಿರುವ ಆಸ್ಪತ್ರೆಯನ್ನು ಕೊಳ್ಳುವುದೇ ಈಗ ಬೆಳೆಯುವ ವೇಗದ ದಾರಿ.

ನಮ್ಮ ರೈತರಿಗೆ ಜಾಸ್ತಿ ಗೊತ್ತಿರುವ ಹೆಸರು ನಾರಾಯಣ ಹೃದಯಾಲಯ. ಡಾ. ದೇವಿ ಶೆಟ್ಟಿಯವರು 2000ದಲ್ಲಿ ಬೊಮ್ಮಸಂದ್ರದ ಹತ್ತಿರ ಶುರು ಮಾಡಿದ್ದು. 2003ರಲ್ಲಿ ಸಹಕಾರಿ ಸಂಘಗಳ ಸದಸ್ಯರಿಗೆ ಯಶಸ್ವಿನಿ ಆರೋಗ್ಯ ವಿಮೆ ಯೋಜನೆ ಬಂತಲ್ಲ, ಅದರ ಹಿಂದೆಯೂ ಅವರ ಯೋಚನೆ ಇತ್ತು. ಆಗ ರೈತ ಕಟ್ಟಬೇಕಾಗಿದ್ದದ್ದು ತಿಂಗಳಿಗೆ ಐದು ರೂಪಾಯಿ.

ಈ ಸಂಸ್ಥೆ ಬೆಳೆದ ಲೆಕ್ಕವನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ಇಡೀ ವಿಷಯ ಅದರಲ್ಲೇ ಇದೆ. ಕ್ಯಾಥ್‌ಲ್ಯಾಬ್ ಕೋಣೆಗೆ ಕೋಟಿಗಟ್ಟಲೆ ಖರ್ಚು. ದಿನಕ್ಕೆ ಇಬ್ಬರಿಗೆ ಬಳಸಿದರೂ ಸಾಲದ ಕಂತು ಅಷ್ಟೇ, ಹದಿನೈದು ಮಂದಿಗೆ ಬಳಸಿದರೂ ಅಷ್ಟೇ. ಮೆಷಿನ್ ನಿಂತರೆ ನಷ್ಟ ಅಂತ ಹತ್ತಿ ಮಿಲ್ಲುಗಳ ಕಾಲ ನೋಡಿದ ದಾವಣಗೆರೆಯವರಿಗೆ ಹೇಳಿಕೊಡಬೇಕಿಲ್ಲ. ಬೆಳಿಗ್ಗೆಯಿಂದ ರಾತ್ರಿವರೆಗೆ ಆಪರೇಷನ್ ನಡೆದರೆ ತಲಾ ಖರ್ಚು ಇಳಿಯುತ್ತದೆ. ಅದಕ್ಕಿಂತ ಮುಖ್ಯ, ಕೈ ಪಳಗುತ್ತದೆ. ದಿನಾ ಒಂದೇ ಬಗೆಯ ಆಪರೇಷನ್ ಮಾಡುವ ಸರ್ಜನ್, ಅರಿವಳಿಕೆ ಡಾಕ್ಟರ್, ಐಸಿಯು ನರ್ಸ್ ಎಲ್ಲರಿಗೂ ಎಡವಟ್ಟು ಬರುವ ಮೊದಲೇ ಅದರ ವಾಸನೆ ಬರುತ್ತದೆ. ಮಧುರೈನ ಅರವಿಂದ್ ಕಣ್ಣಾಸ್ಪತ್ರೆ ಲಾಭದ ಸಂಸ್ಥೆ ಅಲ್ಲ, ಆದರೂ ಇದೇ ದಾರಿ ಹಿಡಿಯಿತು. ನಿವೃತ್ತರಾದ ಮೇಲೆ ಡಾ. ವೆಂಕಟಸ್ವಾಮಿಯವರು 1976ರಲ್ಲಿ 11 ಹಾಸಿಗೆಯಿಂದ ಶುರು ಮಾಡಿದ್ದು, ಈಗ ಲಕ್ಷಾಂತರ ಕಣ್ಣುಗಳಿಗೆ ಬೆಳಕು ಕೊಟ್ಟಿದೆ.

ಕೈ ಪಳಗಿದ ತಂಡ ಇದ್ದರೆ ಅದನ್ನು ಬೇರೆ ಊರಿಗೂ ಕಳಿಸಬಹುದು. ನಮ್ಮ ಎಸ್.ಎಸ್. ವೈದ್ಯಕೀಯ ಕಾಲೇಜಿನಲ್ಲಿ ನಾರಾಯಣ ಸಂಸ್ಥೆಯ ಜೊತೆ ಸೇರಿ ಹೃದಯ ಕೇಂದ್ರ ಶುರುವಾದದ್ದು ಹೀಗೇ. ಹುಬ್ಬಳ್ಳಿಗೆ ಎಚ್‌ಸಿಜಿ ಕ್ಯಾನ್ಸರ್ ಆಸ್ಪತ್ರೆ ಬಂದದ್ದೂ ಇಂಥ ಜೊತೆಗಾರಿಕೆಯಿಂದಲೇ.

ಹಾಗಾಗಿ ಬೋರ್ಡ್ ನೋಡಿ ನಂಬಬೇಡಿ, ವಿಭಾಗ ನೋಡಿ. ಒಂದೇ ಹೆಸರಿನ ಒಂದು ಶಾಖೆ ಲಿವರ್ ಕಸಿಗೆ ಹೆಸರಾಗಿರಬಹುದು, ಇನ್ನೊಂದರಲ್ಲಿ ಆ ವಿಭಾಗವೇ ಇಲ್ಲದಿರಬಹುದು. ಧೈರ್ಯವಾಗಿ ಕೇಳಿ: ಈ ಆಪರೇಷನ್ ಇಲ್ಲಿ ತಿಂಗಳಿಗೆ ಎಷ್ಟು ಮಾಡ್ತೀರಿ? ಮಾಡೋರು ಯಾರು? ಅವರು ದಿನಾ ಇರ್ತಾರಾ, ಶನಿವಾರ ಮಾತ್ರ ಬರ್ತಾರಾ? ರಾತ್ರಿ ಏನಾದರೂ ಆದರೆ ಯಾರು ನೋಡ್ತಾರೆ? ಇದನ್ನು ಕೇಳಿದ್ದಕ್ಕೆ ಮುಖ ಗಂಟಿಕ್ಕುವ ಡಾಕ್ಟರ್ ಹತ್ತಿರ ನನ್ನ ಮನೆಯವರನ್ನು ನಾನು ಬಿಡುವುದಿಲ್ಲ.

ದುಡ್ಡಿನ ಮಾತೂ ಅಷ್ಟೇ. ಹೂಡಿಕೆದಾರರು ಬಂದ ಮೇಲೆ ಆಸ್ಪತ್ರೆಗಳ ಮೇಲೆ ಆದಾಯದ ಒತ್ತಡ ಹೆಚ್ಚಿದೆ ಅನ್ನೋದು ನನ್ನ ಅನಿಸಿಕೆ. ಆದರೆ ಕೆಲವು ಕಡಿವಾಣಗಳೂ ಇವೆ. 2017ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಸ್ಟೆಂಟ್‌ಗೆ ಬೆಲೆ ಮಿತಿ ಹಾಕಿತು. ಅಲ್ಲಿವರೆಗೆ ಲಕ್ಷ ದಾಟುತ್ತಿದ್ದ ಔಷಧ ಲೇಪದ ಸ್ಟೆಂಟ್ 30 ಸಾವಿರದ ಆಸುಪಾಸಿಗೆ ಇಳಿಯಿತು. ಬಿಲ್ಲಿನಲ್ಲಿ ಸ್ಟೆಂಟಿನ ಬೆಲೆ ಬೇರೆಯಾಗಿ ಬರೆದಿರಬೇಕು, ಅದರ ಸ್ಟಿಕ್ಕರ್ ನಿಮ್ಮ ಫೈಲಿನಲ್ಲಿರಬೇಕು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ತುರ್ತು ಅಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು; ನಮ್ಮಲ್ಲಿ ಚಿಗಟೇರಿ ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ. ಆಸ್ಪತ್ರೆ ಯೋಜನೆಯಲ್ಲಿದ್ದರೂ ನಿಮಗೆ ಬೇಕಾದ ವಿಭಾಗ ಯೋಜನೆಯಲ್ಲಿ ಇಲ್ಲದಿರಬಹುದು. ಅಡ್ಮಿಟ್ ಆಗುವ ಮೊದಲೇ ಅಲ್ಲಿ ಯೋಜನೆಯ ಕೆಲಸ ನೋಡಿಕೊಳ್ಳುವ ಆರೋಗ್ಯಮಿತ್ರರನ್ನು ಕೇಳಿಬಿಡಿ.

ಹಾಗಾದರೆ ಬೆಂಗಳೂರಿಗೆ ಹೋಗಲೇಬೇಕಾದದ್ದು ಯಾವುದಕ್ಕೆ? ಅಂಗಾಂಗ ಕಸಿ, ಮಕ್ಕಳ ಹೃದಯದ ಕಷ್ಟದ ಆಪರೇಷನ್, ಅಪರೂಪದ ಕ್ಯಾನ್ಸರ್. ಇವಕ್ಕೆ ನಾನೇ ಪತ್ರ ಬರೆದು ಕಳಿಸುತ್ತೇನೆ. ಹೃದಯಾಘಾತ, ಪಾರ್ಶ್ವವಾಯು, ಅಪಘಾತ ಮಾತ್ರ ಮೊದಲು ಹತ್ತಿರದ ಊರಲ್ಲೇ. ಪಾರ್ಶ್ವವಾಯುವಿಗೆ ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್‌ಗೆ ಇರುವುದೇ ನಾಲ್ಕೂವರೆ ಗಂಟೆ.

ಹೋಗುವಾಗ ಏನು ಒಯ್ಯಬೇಕು ಅನ್ನೋದನ್ನು ಹೇಳಲೇಬೇಕು. ಹೊಳಲ್ಕೆರೆ ಕಡೆಯ ಒಬ್ಬ ತಾಯಿ ಎರಡು ವರ್ಷದ ಹಿಂದೆ ಬಟ್ಟೆ ಅಂಗಡಿಯ ಕವರಿನಲ್ಲಿ ರಿಪೋರ್ಟುಗಳನ್ನು ಸುತ್ತಿಕೊಂಡು ಬಂದಿದ್ದರು. ಸ್ತನದ ಗಡ್ಡೆ ತೆಗೆಸಿದ್ದು ಬೇರೊಂದು ಊರಲ್ಲಿ. ಕವರಿನಲ್ಲಿ ಬಿಲ್ಲುಗಳೆಲ್ಲ ಇದ್ದವು, ಬ್ಲಾಕ್ ಮಾತ್ರ ಇರಲಿಲ್ಲ. ಬ್ಲಾಕ್ ಅಂದರೆ ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಪ್ಲಾಸ್ಟಿಕ್ ಬಿಲ್ಲೆ. ಅದರ ಮೇಲಿನ ಮೇಣದಲ್ಲಿ ಗಡ್ಡೆಯ ತುಣುಕು ಕೂತಿರುತ್ತದೆ. ಕ್ಯಾನ್ಸರ್ ಯಾವ ಬಗೆಯದು, ಯಾವ ಔಷಧಿ ನಾಟುತ್ತದೆ ಅಂತ ಹೇಳುವ ಪರೀಕ್ಷೆಗೆ ಅದೇ ಬೇಕು. ಕೇಳಿದರೆ ಲ್ಯಾಬ್‌ನವರು ಸಹಿ ಹಾಕಿಸಿಕೊಂಡು ಕೊಡುತ್ತಾರೆ, ಆದರೆ ಕೇಳಬೇಕು ಅಂತ ಆ ತಾಯಿಗೆ ಯಾರೂ ಹೇಳಿರಲಿಲ್ಲ. ಅದನ್ನು ತರಿಸುವುದರಲ್ಲೇ ಹನ್ನೆರಡು ದಿನ ಹೋಯಿತು. ಆ ಹನ್ನೆರಡು ದಿನವೂ ಅವರ ಮಗಳು ನನಗೆ ಫೋನ್ ಮಾಡುತ್ತಿದ್ದಳು.

ಬ್ಲಾಕ್ ಹಿಡಿದುಕೊಂಡು ಅವರು ಬೆಂಗಳೂರಿಗೆ ಹೋದದ್ದು ಒಂದೇ ಸಲ. ಅಲ್ಲಿನ ತಜ್ಞರು ಪೂರ್ತಿ ಚಿಕಿತ್ಸೆಯ ಪಟ್ಟಿ ಬರೆದುಕೊಟ್ಟರು. ಔಷಧಿ ಹನಿಸಿದ್ದು ಇಲ್ಲಿ, ದಾವಣಗೆರೆಯಲ್ಲಿ. ಮೂರು ವಾರಕ್ಕೊಮ್ಮೆ ಬೆಳಗಿನ ಬಸ್ಸಿಗೆ ಬಂದು, ಸಂಜೆ ಹಸು ಕರೆಯುವ ಹೊತ್ತಿಗೆ ಮನೆ ಸೇರುತ್ತಿದ್ದರು. ಈಗ ಚೆಕಪ್‌ಗೆ ಬರುವಾಗ ಅದೇ ಬಟ್ಟೆ ಅಂಗಡಿ ಕವರ್ ಕೈಲಿರುತ್ತದೆ. ಒಳಗೆ ಎಲ್ಲ ಕಾಗದವೂ ತಾರೀಖಿನ ಪ್ರಕಾರ ಇರುತ್ತವೆ.