ಪಾರ್ಕಿನ ಗುಡಿಗೆ ಜಾಗ ಕೊಟ್ಟವರು ಯಾರು?

ಪ್ರತಿಷ್ಠಾಪಿತ ವಿಗ್ರಹ ಕಾನೂನಿನ ಕಣ್ಣಲ್ಲಿ ಒಬ್ಬ ವ್ಯಕ್ತಿ. ಅದರ ಹೆಸರಿನಲ್ಲಿ ಆಸ್ತಿ ಇರಬಹುದು, ಅದು ದಾವೆ ಹೂಡಬಹುದು. ಇಷ್ಟನ್ನು ಟಿ.ವಿ. ಚರ್ಚೆಗಳಿಂದ ಎಲ್ಲರೂ ಕಲಿತಿದ್ದಾರೆ. ಆಮೇಲಿನ ಅರ್ಧವನ್ನು ಮಾತ್ರ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಆ ಆಸ್ತಿಯನ್ನು ದೇವರಿಗೆ ಯಾರಾದರೂ ಕೊಟ್ಟಿರಬೇಕು, ಮತ್ತು ಕೊಡುವ ಹೊತ್ತಿಗೆ ಅದು ಕೊಟ್ಟವರದ್ದೇ ಆಗಿರಬೇಕು.

ಪಾರ್ಕಿನಲ್ಲಿ ಕಟ್ಟಿದ ಗುಡಿಯ ತೆರವಿಗೆ ಬಂದ ಪಾಲಿಕೆಯ ನೋಟಿಸ್ ಹಿಡಿದು ನನ್ನ ವಕೀಲಿ ಕಚೇರಿಗೆ ಬರುವ ಬಡಾವಣೆಯ ಹಿರಿಯರನ್ನು ನಾನು ಮೊದಲು ಕೇಳುವುದೇ ಇದನ್ನು: ‘ಜಾಗ ಕೊಟ್ಟವರು ಯಾರು?’ ಉತ್ತರವಾಗಿ ಮೇಜಿನ ಮೇಲೆ ಕುಂಭಾಭಿಷೇಕದ ಫೋಟೋಗಳು ಬೀಳುತ್ತವೆ. ವಿದ್ಯುತ್ ಬಿಲ್ ಬರುತ್ತದೆ. ಕೊನೆಗೆ, ಬ್ರಹ್ಮಾಸ್ತ್ರದಂತೆ, ಆಮಂತ್ರಣ ಪತ್ರಿಕೆ: ‘ಶಾಸಕರೇ ಬಂದು ಗುದ್ದಲಿ ಪೂಜೆ ಮಾಡಿದ್ದಾರೆ ಸಾರ್.’ ಮಾಡಿರಲಿ. ಶಾಸಕರಿಗೆ ಪಾರ್ಕನ್ನು ದಾನ ಮಾಡುವ ಅಧಿಕಾರ ಯಾವ ಕಾನೂನಿನಲ್ಲೂ ಇಲ್ಲ. ಬಡಾವಣೆ ನಕ್ಷೆಯಲ್ಲಿ ಉದ್ಯಾನವೆಂದು ಗುರುತಾದ ಜಾಗವನ್ನು ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವೇ ಬೇರೆ ಉದ್ದೇಶಕ್ಕೆ ವಿಲೇವಾರಿ ಮಾಡಿದರೂ ಪ್ರಾಧಿಕಾರದ ಕಾಯ್ದೆಯ 38ಎ ಪ್ರಕರಣದ (ಸೆಕ್ಷನ್) ಪ್ರಕಾರ ಅದು ಶೂನ್ಯ. ಕೊಡಬೇಕಾದವರಿಗೇ ಕೊಡಲಾಗದ್ದನ್ನು ಸಂಘದ ಅಧ್ಯಕ್ಷರು ಹೇಗೆ ಕೊಟ್ಟಾರು? ರಸ್ತೆ, ಹಳ್ಳ, ಕೆರೆ ಅಂಗಳಗಳದ್ದೂ ಇದೇ ಕಥೆ. ಅವು ಸರ್ಕಾರದ ಸ್ವತ್ತು ಎನ್ನುವ 1964ರ ಭೂಕಂದಾಯ ಕಾಯ್ದೆಯ 67ನೇ ಪ್ರಕರಣ ಓದಿಕೊಳ್ಳಿ. ಗೋಮಾಳದಲ್ಲಿ ಶಿಲುಬೆ ನೆಟ್ಟವರಿಗೂ, ರಸ್ತೆಬದಿಯಲ್ಲಿ ಹಸಿರು ಚಾದರ ಹೊದಿಸಿದವರಿಗೂ ನಾನು ಹೇಳುವುದು ಇದನ್ನೇ. ವಕ್ಫ್ ಮಾಡುವವನೂ, ಅಂದರೆ ಆಸ್ತಿಯನ್ನು ದೇವರ ಹೆಸರಿನಲ್ಲಿ ಮುಡಿಪಿಡುವವನೂ, ಮೊದಲು ಆ ಆಸ್ತಿಯ ಒಡೆಯನಾಗಿರಬೇಕು.

ಗುಡಿ ಎದ್ದ ಮೇಲೆ ನೆಲವೂ ದೇವರದ್ದೇ ಎನ್ನಲು ಅಯೋಧ್ಯೆಯ ತೀರ್ಪನ್ನು ಉದಾಹರಿಸುವವರು ಬಹಳ. 2019ರ ನವೆಂಬರ್ 9ರ ಆ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ರಾಮಲಲ್ಲಾ ವಿಗ್ರಹವನ್ನು ವ್ಯಕ್ತಿಯೆಂದು ಒಪ್ಪಿತು. ಜನ್ಮಸ್ಥಾನದ ನೆಲವೇ ಒಬ್ಬ ವ್ಯಕ್ತಿ ಎಂಬ ವಾದವನ್ನು ಒಪ್ಪಲಿಲ್ಲ. ನೆಲಕ್ಕೇ ಆ ಸ್ಥಾನ ಕೊಟ್ಟುಬಿಟ್ಟರೆ ಉಳಿದವರ ಹಕ್ಕಿನ ಪ್ರಶ್ನೆಯೇ ಅಳಿಸಿಹೋಗುತ್ತದೆ ಎಂಬುದು ನ್ಯಾಯಾಲಯಕ್ಕೆ ಗೊತ್ತಿತ್ತು. ಅಂದರೆ ತೀರ್ಪು ನನ್ನ ಕಕ್ಷಿದಾರರು ಹೇಳುವುದಕ್ಕೆ ತದ್ವಿರುದ್ಧವಾಗಿದೆ.

ಇನ್ನು ಹನ್ನೆರಡು ವರ್ಷದ ಮಾತು. ಹನ್ನೆರಡು ವರ್ಷ ಪೂಜೆ ನಡೆದರೆ ಜಾಗ ನಮ್ಮದಾಯಿತು ಎಂದು ಯಾರು ಹಬ್ಬಿಸಿದರೋ ತಿಳಿಯದು. ಅದು ಖಾಸಗಿ ಆಸ್ತಿಯ ಲೆಕ್ಕ. ಸರ್ಕಾರ ಹೂಡುವ ದಾವೆಗೆ ಕಾಲಮಿತಿ ಕಾಯ್ದೆಯ 112ನೇ ವಿಧಿ ಕೊಡುವ ಅವಧಿ 30 ವರ್ಷ. ವರ್ಷ ತುಂಬಿದರಷ್ಟೇ ಸಾಲದು, ಒಡೆಯನಿಗೆ ಎದುರಾಗಿ, ಅವನ ಹಕ್ಕನ್ನು ನಿರಾಕರಿಸಿ ಸ್ವಾಧೀನದಲ್ಲಿದ್ದೆವು ಎಂದು ಸಾಬೀತು ಮಾಡಬೇಕು. ಶಾಸಕರು, ತಹಶೀಲ್ದಾರರು ವೇದಿಕೆಯಲ್ಲಿದ್ದರು ಎನ್ನುವ ಆಮಂತ್ರಣ ಪತ್ರಿಕೆ ಇಲ್ಲಿ ನಮ್ಮ ಕತ್ತಿಗೇ ಬರುತ್ತದೆ. ಸರ್ಕಾರದ ಸಮ್ಮತಿಯಿಂದಲೇ ಕಟ್ಟಿದೆವು ಎಂದೂ, ಸರ್ಕಾರಕ್ಕೆ ಎದುರಾಗಿ ಕೂತಿದ್ದೆವು ಎಂದೂ ಒಂದೇ ಬಾಯಿಯಲ್ಲಿ ಹೇಳಿದರೆ ನ್ಯಾಯಾಧೀಶರು ಎರಡನ್ನೂ ನಂಬುವುದಿಲ್ಲ.

2021ರ ಸೆಪ್ಟೆಂಬರ್‌ನಲ್ಲಿ ನಂಜನಗೂಡು ತಾಲ್ಲೂಕಿನ ಹುಚ್ಚಗಣಿಯ ಮಹದೇವಮ್ಮ ಗುಡಿಯನ್ನು ಕೆಡವಿದಾಗ ನನಗೂ ಸಂಕಟವಾಯಿತು. ಅದೇ ತಿಂಗಳು ವಿಧಾನಮಂಡಲ ಧಾರ್ಮಿಕ ಕಟ್ಟಡಗಳ ಸಂರಕ್ಷಣೆಗೆಂದು ಮಸೂದೆ ಅಂಗೀಕರಿಸಿತು. ಆದರೆ ಆ ಕಾಯ್ದೆ ಕಾಯುವುದು ಅದು ಜಾರಿಗೆ ಬಂದ ದಿನ ಇದ್ದ ಕಟ್ಟಡಗಳನ್ನು. ತೆರವಿನ ಪ್ರಕರಣ ಕೋರ್ಟಿನಲ್ಲಿ ಬಾಕಿಯಿದ್ದರೆ ಅವಕ್ಕೂ ರಕ್ಷಣೆಯಿಲ್ಲ. ಸಾರ್ವಜನಿಕ ಸ್ಥಳದಲ್ಲಿ ಹೊಸದಾಗಿ ಅಕ್ರಮವಾಗಿ ಕಟ್ಟುವುದನ್ನು ಅದೇ ಕಾಯ್ದೆ ತಡೆಯುತ್ತದೆ. ಸುಪ್ರೀಂ ಕೋರ್ಟ್ 2009ರ ಸೆಪ್ಟೆಂಬರ್ 29ರಂದೇ ತಡೆದಿತ್ತು. ನನ್ನ ಮಟ್ಟಿಗೆ, ಕೆಡವದೆ ಬಿಡುವುದು ಬೇರೆ, ಹಕ್ಕುಪತ್ರ ಕೊಡುವುದು ಬೇರೆ. ಮುಂದೆ ನ್ಯಾಯಾಲಯಗಳು ಈ ಕಾಯ್ದೆಯನ್ನು ಹೇಗೆ ಅರ್ಥೈಸುತ್ತವೆ ಎಂಬ ಬಗ್ಗೆ ಭರವಸೆ ಕೊಡಲಾರೆ.

ಒಬ್ಬ ಹಿರಿಯರ ಮಗ ಅಮೆರಿಕದಿಂದ ಸುದ್ದಿ ಕಳಿಸಿದ್ದ: ಮೇರಿಲ್ಯಾಂಡಿನ ಬ್ಲೇಡನ್ಸ್‌ಬರ್ಗ್‌ನಲ್ಲಿ ಸರ್ಕಾರಿ ಜಾಗದ 40 ಅಡಿ ಶಿಲುಬೆಯನ್ನು ಅಲ್ಲಿನ ಸುಪ್ರೀಂ ಕೋರ್ಟ್ 2019ರಲ್ಲಿ ಉಳಿಸಿದೆಯಂತೆ. ಉಳಿಸಿದ್ದು ನಿಜ. ಅದು ಮೊದಲ ಮಹಾಯುದ್ಧದಲ್ಲಿ ಮಡಿದವರ ಸ್ಮಾರಕ, 1925ರಿಂದ ನಿಂತಿದೆ. ಸರ್ಕಾರ ತನ್ನ ನೆಲದಲ್ಲಿ ಅಂಥ ಗುರುತನ್ನು ಇಟ್ಟುಕೊಳ್ಳಬಹುದೇ ಎಂಬುದು ಅಲ್ಲಿನ ಪ್ರಶ್ನೆಯಾಗಿತ್ತು. ನೆಲ ಯಾರದ್ದೆಂಬ ಬಗ್ಗೆ ಅಲ್ಲಿ ತಕರಾರೇ ಇರಲಿಲ್ಲ.

ಈ ಜನರ ಮೇಲೆ ನನಗೆ ಸಿಟ್ಟಿಗಿಂತ ಮಮತೆ ಹೆಚ್ಚು. ಪಿಂಚಣಿಯಲ್ಲಿ ಉಳಿಸಿ ಗೋಪುರಕ್ಕೆ ಕೊಟ್ಟವರು, ಬೆಳಗಿನ ಜಾವ ಬಂದು ಅಂಗಳ ಗುಡಿಸುವ ತಾಯಂದಿರು. ಅವರ ದುಡ್ಡು ಜೆಸಿಬಿಗೆ ಸಿಗಬಾರದು ಎಂಬುದೇ ನನ್ನ ಕಾಳಜಿ. ಹೊಸ ಗುಡಿ ಬೇಕಾದರೆ ಟ್ರಸ್ಟ್ ನೋಂದಾಯಿಸಿ, ಚಿಕ್ಕದಾದರೂ ಸರಿ ಒಂದು ನಿವೇಶನ ಕೊಂಡು, ನಕ್ಷೆ ಮಂಜೂರು ಮಾಡಿಸಿ ಕಟ್ಟಿ. ಹಳೆಯ ಊರ ಗುಡಿಯಾದರೆ ಸರ್ವೆ ಕಚೇರಿಯಿಂದ ಗ್ರಾಮ ನಕ್ಷೆ, ಮೂಲ ಟಿಪ್ಪಣಿ (ಹಳೆಯ ಅಳತೆಯ ದಾಖಲೆ) ತೆಗೆಸಿ. ಇನಾಂ (ಗುಡಿಗೆ ಬಿಟ್ಟ ಜಮೀನು) ಅಥವಾ ಮುಜರಾಯಿ ಇಲಾಖೆಯ ದಾಖಲೆ ಇದೆಯೇ ಹುಡುಕಿ. ಊರು ಬೆಳೆದು ರಸ್ತೆಯೇ ಆಮೇಲೆ ಬಂದದ್ದೂ ಉಂಟು. ನಕ್ಷೆಯಲ್ಲಿ ಗುಡಿಯ ಗುರುತಿದ್ದರೆ ನಮ್ಮ ವಾದಕ್ಕೆ ಬಲ ಬರುತ್ತದೆ. ನೋಟಿಸ್ ಬಂದಿದ್ದರೆ ಅದರಲ್ಲಿರುವ ಗಡುವಿನೊಳಗೆ ಲಿಖಿತ ಉತ್ತರ ಕೊಟ್ಟು ಸ್ವೀಕೃತಿ ಪಡೆಯಿರಿ, ಆಮೇಲೆ ಬೇಕಾದರೆ ಸಭೆ ಸೇರಿ.