ಬಜೆಟ್ ಓದಿದ ದಿನ ದುಡ್ಡು ಬರುವುದಿಲ್ಲ: ಸರ್ಕಾರದ ಖರ್ಚಿಗೆ ಸದನ ಒಪ್ಪಿಗೆ ಕೊಡುವ ಬಗೆ

"ಈ ಸಲ ಬಜೆಟ್‌ನಲ್ಲಿ ನಮ್ಮ ರಸ್ತೆಗೆ ದುಡ್ಡು ಇಟ್ಟಿದ್ದಾರಂತೆ." ಫೆಬ್ರವರಿ, ಮಾರ್ಚ್ ಬಂತೆಂದರೆ ಸಾಗರ, ಹೊಸನಗರ, ತೀರ್ಥಹಳ್ಳಿ ಎಲ್ಲ ಕಡೆ ಈ ಮಾತು ಕೇಳುತ್ತದೆ. ಪರೀಕ್ಷೆಗೆ ಓದುವ ನಾವು ಇದನ್ನು ಸ್ವಲ್ಪ ಅನುಮಾನದಿಂದಲೇ ಕೇಳಬೇಕು. ಬಜೆಟ್ ಭಾಷಣ ಓದಿದ ದಿನ ಹೊಸ ವರ್ಷದ ಒಂದು ರೂಪಾಯಿ ಖರ್ಚಿಗೂ ಒಪ್ಪಿಗೆ ಸಿಕ್ಕಿರುವುದಿಲ್ಲ. ಅವತ್ತು ಸರ್ಕಾರ ಕೇಳಿರುತ್ತದೆ, ಅಷ್ಟೇ. ಕೊಡಬೇಕಾದದ್ದು ಸದನ.

ಬುಡದಲ್ಲಿರುವುದು ಸಂವಿಧಾನದ 266ನೇ ವಿಧಿ. ಸರ್ಕಾರಕ್ಕೆ ಬರುವ ತೆರಿಗೆ, ಎತ್ತುವ ಸಾಲ, ವಾಪಸ್ ಬರುವ ಸಾಲ ಎಲ್ಲವೂ ಸಂಚಿತ ನಿಧಿಗೆ ಸೇರುತ್ತವೆ. ಕೇಂದ್ರಕ್ಕೆ ಒಂದು, ಪ್ರತಿ ರಾಜ್ಯಕ್ಕೂ ಒಂದೊಂದು ಸಂಚಿತ ನಿಧಿ ಇದೆ. ಕಾನೂನಿನ ಬಲ ಇಲ್ಲದೆ ಅದರಿಂದ ಹಣ ತೆಗೆಯುವ ಹಾಗಿಲ್ಲ. ಪ್ರಧಾನಿ ಹೇಳಿದರೂ ಇಲ್ಲ, ಮುಖ್ಯಮಂತ್ರಿ ಹೇಳಿದರೂ ಇಲ್ಲ.

ಸಿಗಂದೂರು ಸೇತುವೆಯನ್ನೇ ತೆಗೆದುಕೊಳ್ಳಿ. ಶರಾವತಿ ಹಿನ್ನೀರಿನ ಆಚೆಗಿನವರು ದಶಕಗಳ ಕಾಲ ಲಾಂಚ್ ನಂಬಿಕೊಂಡೇ ಬದುಕಿದರು. 2018ರಲ್ಲಿ ಸೇತುವೆಗೆ ಶಂಕುಸ್ಥಾಪನೆ ಆಯ್ತು, 2025ರ ಜುಲೈನಲ್ಲಿ ಉದ್ಘಾಟನೆ. 400 ಕೋಟಿ ರೂಪಾಯಿ ದಾಟಿದ ಈ ಕಾಮಗಾರಿ ಕೇಂದ್ರದ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯದ್ದು. ಸೇತುವೆ ಕಟ್ಟಲು ಏಳು ವರ್ಷ ಹಿಡಿದರೂ ಸಂಸತ್ತು ಒಂದೇ ಸಲ ಏಳು ವರ್ಷದ ಹಣ ಕೊಡುವುದಿಲ್ಲ. ಒಪ್ಪಿಗೆ ಒಂದು ಆರ್ಥಿಕ ವರ್ಷಕ್ಕೆ ಮಾತ್ರ. ಮಾರ್ಚ್ 31ರೊಳಗೆ ಖರ್ಚಾಗದೆ ಉಳಿದ ಹಣದ ಮೇಲೆ ಇಲಾಖೆಗೆ ಹಕ್ಕು ಇರುವುದಿಲ್ಲ. ಮುಂದಿನ ವರ್ಷಕ್ಕೆ ಮತ್ತೆ ಕೇಳಬೇಕು. ಹಾಗಾಗಿ ಯಾವುದೇ ಯೋಜನೆಯ ಬಗ್ಗೆ "ಮಂಜೂರಾಗಿದೆ" ಅಂದರೆ "ಈ ವರ್ಷ ಎಷ್ಟು?" ಅಂತ ಕೇಳುವುದು ಒಳ್ಳೆಯದು. ಯೋಜನೆಯ ಒಟ್ಟು ಮೊತ್ತ ಬೇರೆ, ಸದನ ಈ ವರ್ಷಕ್ಕೆ ಒಪ್ಪಿದ ಮೊತ್ತ ಬೇರೆ.

ಈಗ ದಾರಿ ನೋಡೋಣ. ಕೇಂದ್ರದಲ್ಲಿ ಹಣಕಾಸು ಸಚಿವರು ಫೆಬ್ರವರಿ 1ರಂದು ಬಜೆಟ್ ಮಂಡಿಸುತ್ತಾರೆ. 2017ರಿಂದ ಈ ಪದ್ಧತಿ, ಅದಕ್ಕೂ ಮೊದಲು ಫೆಬ್ರವರಿ ಕೊನೆಯಲ್ಲಿ ಮಂಡಿಸುತ್ತಿದ್ದರು. 112ನೇ ವಿಧಿಯಲ್ಲಿ ಇದರ ಹೆಸರು ವಾರ್ಷಿಕ ಹಣಕಾಸು ತಃಖ್ತೆ. ರಾಜ್ಯಕ್ಕೆ 202ನೇ ವಿಧಿ. ಮೊದಲು ಎರಡೂ ಸದನಗಳಲ್ಲಿ ಸಾಮಾನ್ಯ ಚರ್ಚೆ ನಡೆಯುತ್ತದೆ, ಆಗ ಮತದಾನ ಇಲ್ಲ. ಆಮೇಲೆ ಸದನಕ್ಕೆ ಬಿಡುವು. ಆ ಬಿಡುವಿನಲ್ಲಿ ಇಲಾಖಾವಾರು ಸ್ಥಾಯಿ ಸಮಿತಿಗಳು ಕುಳಿತು ಒಂದೊಂದು ಸಚಿವಾಲಯದ ಲೆಕ್ಕವನ್ನು ಬಿಡಿಸಿ ನೋಡುತ್ತವೆ. ಸಮಿತಿಗಳು 24, ಒಂದೊಂದರಲ್ಲಿ 31 ಸದಸ್ಯರು. ಟಿವಿಯಲ್ಲಿ ಕಾಣುವ ಗಲಾಟೆಗಿಂತ ಇಲ್ಲೇ ಜಾಸ್ತಿ ಕೆಲಸ ಆಗುತ್ತದೆ ಅನ್ನುವುದು ನನ್ನ ಅಭಿಪ್ರಾಯ. ಅಧಿಕಾರಿಗಳನ್ನು ಎದುರಿಗೆ ಕೂರಿಸಿಕೊಂಡು ಪ್ರಶ್ನೆ ಕೇಳುತ್ತಾರೆ. ಆದರೆ ಸಮಿತಿಯ ವರದಿ ಬರೀ ಸಲಹೆ, ಸರ್ಕಾರ ಅದನ್ನು ಪಾಲಿಸಲೇಬೇಕು ಅಂತೇನಿಲ್ಲ.

ನಂತರ ಬರುವುದು ಅನುದಾನ ಬೇಡಿಕೆಗಳು, ಅಂದರೆ ಒಂದೊಂದು ಸಚಿವಾಲಯ ಆ ವರ್ಷದ ಖರ್ಚಿಗೆ ಇಷ್ಟು ಹಣ ಕೊಡಿ ಅಂತ ಸದನವನ್ನು ಕೇಳುವುದು, 113ನೇ ವಿಧಿ. ಲೋಕಸಭೆ ಮಾತ್ರ ಇದರ ಮೇಲೆ ಮತ ಹಾಕುತ್ತದೆ, ರಾಜ್ಯಸಭೆಗೆ ಆ ಅಧಿಕಾರ ಇಲ್ಲ. ಎಲ್ಲ ಖರ್ಚಿನ ಮೇಲೂ ಮತ ಇಲ್ಲ ಅನ್ನುವುದನ್ನೂ ನೆನಪಿಡಿ. ರಾಷ್ಟ್ರಪತಿಗಳ ಸಂಬಳ, ಸುಪ್ರೀಂ ಕೋರ್ಟ್ ನ್ಯಾಯಾಧೀಶರ ಸಂಬಳ, ಸರ್ಕಾರದ ಸಾಲದ ಬಡ್ಡಿ ಇವೆಲ್ಲ ಪ್ರಭೃತ ವೆಚ್ಚ, ಅಂದರೆ ಸಂಚಿತ ನಿಧಿಯ ಮೇಲೆ ನೇರವಾಗಿ ಬೀಳುವ ಖರ್ಚು. ಇವುಗಳ ಬಗ್ಗೆ ಮಾತಾಡಬಹುದು, ಮತಕ್ಕೆ ಹಾಕುವ ಹಾಗಿಲ್ಲ.

ಇಲ್ಲೊಂದು ವಿಚಿತ್ರ ಇದೆ. ಸದನ ಬೇಡಿಕೆಯನ್ನು ಒಪ್ಪಬಹುದು, ತಿರಸ್ಕರಿಸಬಹುದು, ಕಡಿಮೆ ಮಾಡಬಹುದು. ಹೆಚ್ಚು ಮಾಡುವ ಹಾಗಿಲ್ಲ! ರಾಷ್ಟ್ರಪತಿಗಳ ಶಿಫಾರಸು ಇಲ್ಲದೆ ಯಾವ ಬೇಡಿಕೆಯೂ ಬರುವಂತಿಲ್ಲ, ಅಂದರೆ ಹಣ ಕೇಳುವ ಹಕ್ಕು ಸರ್ಕಾರಕ್ಕೆ ಮಾತ್ರ. ಹಾಗಾದರೆ ಒಬ್ಬ ಸಂಸದರು ಆಗುಂಬೆ ಘಾಟಿಯ ಹೆದ್ದಾರಿಯಲ್ಲಿ ಮಳೆಗಾಲದಲ್ಲಿ ಧರೆ ಕುಸಿಯುವ ವಿಷಯ ಎತ್ತಬೇಕು, ಅದಕ್ಕೆ ಇನ್ನಷ್ಟು ಹಣ ಬೇಕು ಅನ್ನಬೇಕು ಅಂದುಕೊಳ್ಳಿ. ಏನು ಮಾಡಬೇಕು? ಹೆದ್ದಾರಿ ಸಚಿವಾಲಯದ ಬೇಡಿಕೆಯಲ್ಲಿ 100 ರೂಪಾಯಿ ಕಡಿಮೆ ಮಾಡಿ ಅಂತ ಸೂಚನೆ ಕೊಡಬೇಕು! ಸಾವಿರಾರು ಕೋಟಿಯ ಬೇಡಿಕೆಯಲ್ಲಿ ನೂರು ರೂಪಾಯಿ ಉಳಿಸಲಿಕ್ಕಲ್ಲ. ಆ ನೆಪದಲ್ಲಿ ಘಾಟಿಯ ವಿಷಯ ಸದನದ ದಾಖಲೆಗೆ ಬರಲಿ, ಸಚಿವರು ಉತ್ತರ ಕೊಡಲಿ ಅಂತ. ಇದು ಸಾಂಕೇತಿಕ ಕಡಿತ.

ಕಡಿತ ಸೂಚನೆ ಇನ್ನೂ ಎರಡು ಬಗೆ ಇವೆ. ಇಲಾಖೆಯ ನೀತಿಯೇ ಸರಿಯಿಲ್ಲ ಅನ್ನುವವರು ಬೇಡಿಕೆಯನ್ನು 1 ರೂಪಾಯಿಗೆ ಇಳಿಸಿ ಅನ್ನುತ್ತಾರೆ, ಅದು ನೀತಿ ಕಡಿತ. ಇಂತಿಷ್ಟು ಮೊತ್ತ ಉಳಿಸಬಹುದು ಅಂತ ಹೇಳಿದರೆ ಮಿತವ್ಯಯ ಕಡಿತ. ಪರೀಕ್ಷೆಯಲ್ಲಿ 1 ಮತ್ತು 100 ಅದಲುಬದಲು ಮಾಡಿ ಕೇಳುತ್ತಾರೆ, ಹುಷಾರು. ಕಡಿತ ಸೂಚನೆ ಗೆದ್ದರೆ ಸರ್ಕಾರಕ್ಕೆ ಸದನದ ಬೆಂಬಲ ಇಲ್ಲ ಅಂತಲೇ ಅರ್ಥ. ಹಾಗಾಗಿ ಆಳುವ ಪಕ್ಷ ವಿಪ್ (ತಪ್ಪದೆ ಬಂದು ಪಕ್ಷ ಹೇಳಿದಂತೆ ಮತ ಹಾಕಿ ಅನ್ನುವ ಆದೇಶ) ಹೊರಡಿಸಿ ಎಲ್ಲರನ್ನೂ ಕೂರಿಸಿಕೊಳ್ಳುತ್ತದೆ, ಸೂಚನೆ ಬಿದ್ದುಹೋಗುತ್ತದೆ. ಬಿದ್ದರೂ ಮಾತು ದಾಖಲಾಗಿರುತ್ತದೆ.

ಆದರೆ ಮಾತಿಗೆ ಸಮಯ ಸಿಗಬೇಕಲ್ಲ. ನಿಜವಾಗಿ ಚರ್ಚೆ ಆಗುವುದು ಕೆಲವೇ ಸಚಿವಾಲಯಗಳ ಬೇಡಿಕೆ. ಕೊನೆಯ ದಿನ ಹೊತ್ತು ಮುಗಿಯುತ್ತಿದ್ದಂತೆ ಸ್ಪೀಕರ್ ಉಳಿದ ಎಲ್ಲ ಬೇಡಿಕೆಗಳನ್ನೂ ಒಟ್ಟಿಗೆ, ಚರ್ಚೆ ಇಲ್ಲದೆ ಮತಕ್ಕೆ ಹಾಕುತ್ತಾರೆ. ಇದೇ ಗಿಲೋಟಿನ್. 2018–19ರ ಬಜೆಟ್‌ನಲ್ಲಂತೂ ಎಲ್ಲ ಬೇಡಿಕೆಗಳೂ ಹೀಗೇ ಪಾಸಾದವು. ಸಿಗಂದೂರು ಸೇತುವೆಗೆ ಶಂಕುಸ್ಥಾಪನೆ ಆದ ವರ್ಷವೇ ಅದು. ಹೆದ್ದಾರಿಗಳ ಹಣದ ಬಗ್ಗೆಯೂ ಆ ಸಲ ಲೋಕಸಭೆಯಲ್ಲಿ ಬಿಡಿ ಚರ್ಚೆ ಆಗಲಿಲ್ಲ. 2023ರ ಮಾರ್ಚ್‌ನಲ್ಲೂ ಗದ್ದಲದ ನಡುವೆ ಸುಮಾರು 45 ಲಕ್ಷ ಕೋಟಿಯ ಬಜೆಟ್‌ಗೆ ಚರ್ಚೆ ಇಲ್ಲದೆ ಒಪ್ಪಿಗೆ ಸಿಕ್ಕಿತು. ಇದರಲ್ಲಿ ಕಾನೂನಿನ ತಪ್ಪೇನೂ ಇಲ್ಲ. ಆದರೂ ನನಗೆ ಇದು ಬೇಸರದ ವಿಷಯವೇ.

ಬೇಡಿಕೆ ಒಪ್ಪಿದರೂ ಹಣ ಇನ್ನೂ ಹೊರಗೆ ಬಂದಿಲ್ಲ. 114ನೇ ವಿಧಿಯಂತೆ ಧನವಿನಿಯೋಗ ಮಸೂದೆ ಪಾಸಾಗಬೇಕು. ಸಂಚಿತ ನಿಧಿಯ ಬೀಗ ತೆಗೆಯುವುದು ಇದು. ಸದನ ಈಗಾಗಲೇ ಒಪ್ಪಿದ ಮೊತ್ತವನ್ನು ಬದಲಿಸುವ ತಿದ್ದುಪಡಿಗೆ ಇಲ್ಲಿ ಜಾಗ ಇಲ್ಲ. ತೆರಿಗೆ ಪ್ರಸ್ತಾವಗಳಿಗೆ ಬೇರೆ ಹಣಕಾಸು ಮಸೂದೆ ಇರುತ್ತದೆ. ಧನವಿನಿಯೋಗ ಮಸೂದೆ ಹಣದ ಮಸೂದೆ (ಮನಿ ಬಿಲ್) ಆದ್ದರಿಂದ ರಾಜ್ಯಸಭೆ 14 ದಿನದೊಳಗೆ ವಾಪಸ್ ಕಳಿಸಬೇಕು, ಅದರ ಸಲಹೆಯನ್ನು ಲೋಕಸಭೆ ಒಪ್ಪಬಹುದು, ಬಿಡಬಹುದು. ನಮ್ಮ ವಿಧಾನ ಪರಿಷತ್ತಿಗೂ ಅದೇ 14 ದಿನ.

ಹೊಸ ವರ್ಷ ಶುರುವಾಗುವ ಹೊತ್ತಿಗೆ ಇದೆಲ್ಲ ಮುಗಿಯದಿದ್ದರೆ 116ನೇ ವಿಧಿಯ ಲೇಖಾನುದಾನ. ಪೂರ್ತಿ ಚರ್ಚೆ ಆಗುವವರೆಗೆ ಕೆಲವು ತಿಂಗಳ ಖರ್ಚಿಗೆ ಮಾತ್ರ ಒಪ್ಪಿಗೆ. ಚುನಾವಣೆ ವರ್ಷಗಳಲ್ಲಿ ಇದು ಮಾಮೂಲು. 2024ರಲ್ಲಿ ಫೆಬ್ರವರಿಯಲ್ಲಿ ಮಧ್ಯಂತರ ಬಜೆಟ್ ಬಂತು, ಪೂರ್ಣ ಬಜೆಟ್ ಬಂದದ್ದು ಜುಲೈ 23ಕ್ಕೆ.

ಒಪ್ಪಿಗೆ ಸಿಗದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ 2019ರ ಜುಲೈ ನೋಡಿ. ಎಚ್.ಡಿ. ಕುಮಾರಸ್ವಾಮಿ ಸರ್ಕಾರ 23ರಂದು ವಿಶ್ವಾಸಮತ ಸೋತಿತು. 26ರಂದು ಶಿಕಾರಿಪುರದ ಬಿ.ಎಸ್. ಯಡಿಯೂರಪ್ಪ ಮುಖ್ಯಮಂತ್ರಿ ಆದರು. ತಿಂಗಳ ಕೊನೆಯೊಳಗೆ ಸದನದ ಒಪ್ಪಿಗೆ ಆಗದಿದ್ದರೆ ನೌಕರರ ಸಂಬಳಕ್ಕೂ ತೊಂದರೆ. ಹೊಸ ಬಜೆಟ್ ಬರೆಯಲು ಪುರುಸೊತ್ತು ಎಲ್ಲಿ? 29ರಂದು ವಿಶ್ವಾಸಮತದ ಜೊತೆಗೇ, ತಾವೇ ಬೀಳಿಸಿದ ಸರ್ಕಾರ ತಯಾರಿಸಿದ್ದ ಧನವಿನಿಯೋಗ ಮಸೂದೆಯನ್ನು ಪಾಸು ಮಾಡಿಸಿಕೊಂಡರು. ಸರ್ಕಾರ ಬದಲಾದರೂ ಖಜಾನೆಗೆ ಬೇಕಾದದ್ದು ಸದನದ ಒಪ್ಪಿಗೆಯೇ ಅನ್ನುವುದಕ್ಕೆ ಇದಕ್ಕಿಂತ ಚೆನ್ನಾದ ಉದಾಹರಣೆ ನನಗೆ ಗೊತ್ತಿಲ್ಲ.

ವರ್ಷದ ನಡುವೆ ಹಣ ಸಾಲದಿದ್ದರೆ ಸರ್ಕಾರ ಪೂರಕ ಬೇಡಿಕೆ ತರುತ್ತದೆ. ಸದನ ಸೇರುವವರೆಗೂ ಕಾಯಲಾಗದ, ಮೊದಲೇ ಊಹಿಸದ ಖರ್ಚಿಗೆ 267ನೇ ವಿಧಿಯ ಸಾದಿಲ್ವಾರು ನಿಧಿ ಇದೆ. ಅಲ್ಲಿಂದ ತೆಗೆದದ್ದನ್ನೂ ಆಮೇಲೆ ಸದನದ ಮುಂದೆ ತಂದು ತುಂಬಿಸಬೇಕು.

ಇಲಾಖೆಯೊಂದು ಒಪ್ಪಿದ್ದಕ್ಕಿಂತ ಜಾಸ್ತಿ ಖರ್ಚು ಮಾಡಿಬಿಟ್ಟರೆ? ವರ್ಷ ಮುಗಿದ ಮೇಲೆ ಸಿಎಜಿ (ಸರ್ಕಾರದ ಲೆಕ್ಕ ಪರಿಶೋಧಿಸುವ ಮಹಾಲೇಖಪಾಲರು) ಲೆಕ್ಕ ತಾಳೆ ನೋಡುವಾಗ ಅದು ಸಿಕ್ಕಿಬೀಳುತ್ತದೆ. ವಿಷಯ ಸಾರ್ವಜನಿಕ ಲೆಕ್ಕಪತ್ರ ಸಮಿತಿಗೆ ಹೋಗುತ್ತದೆ. ಸಂಸತ್ತಿನಲ್ಲಿ ಈ ಸಮಿತಿಗೆ ಲೋಕಸಭೆಯಿಂದ 15, ರಾಜ್ಯಸಭೆಯಿಂದ 7 ಸದಸ್ಯರು. 1967ರಿಂದ ವಿರೋಧ ಪಕ್ಷದವರೇ ಇದರ ಅಧ್ಯಕ್ಷರಾಗುವುದು ರೂಢಿ. ಯಾಕೆ ಜಾಸ್ತಿ ಖರ್ಚಾಯ್ತು ಅಂತ ವಿಚಾರಿಸಿ, ಸಮಿತಿ ಶಿಫಾರಸು ಮಾಡಿದ ಮೇಲೆ ಆ ಮೊತ್ತ ಹೆಚ್ಚುವರಿ ಅನುದಾನದ ಬೇಡಿಕೆಯಾಗಿ 115ನೇ ವಿಧಿಯಡಿ ಲೋಕಸಭೆಗೆ ಬರುತ್ತದೆ. ಅಷ್ಟು ಹೊತ್ತಿಗೆ ಹಣ ಖರ್ಚಾಗಿ ವರ್ಷಗಳೇ ಕಳೆದಿರುತ್ತವೆ. ಆದರೂ ಮತಕ್ಕೆ ಹಾಕಲೇಬೇಕು.