ಬೇವಿನ ಬೀಜ, ತೊಗರಿ ಕೀಡಿ, ಒಂದು ರಾತ್ರಿ ನೆನೆದ ನೀರು

ಕಲಬುರಗಿ ಜಿಲ್ಲೆ ಚಿತ್ತಾಪುರ ತಾಲೂಕಿನ್ಯಾಗ ನಮ್ದು ತೊಗರಿ ಹೊಲ ಅದ. ದೀಪಾವಳಿ ಮುಗದು ಹೂ ಉದುರಿ ಸಣ್ಣ ಕಾಯಿ ಹಿಡಿಯೋ ಹೊತ್ತಿಗೆ ಸರಿಯಾಗಿ ಹಸರ ಕೀಡಿ ಬರ್ತದ, ಕಾಯಿಗೆ ತೂತು ಕೊರದು ತಲಿ ಒಳಗಿಟ್ಟು ಮೈ ಹೊರಗ ಬಿಟ್ಟು ಕಾಳು ತಿಂತದ. ಮುತ್ಯಾನ ಕಾಲದಾಗ ಗಿಡದ ಕೆಳಗ ಚಾದರ ಹಾಸಿ, ಗಿಡ ಅಲ್ಲಾಡ್ಸಿ ಕೀಡಿ ಉದುರಿಸ್ತಿದ್ರು, ಈಗ ಎಲ್ರೂ ಎಣ್ಣಿ, ಅಂದ್ರ ಕೀಟನಾಶಕ, ಹೊಡಿತಾರ. ಇವೆರಡರ ನಡುವ ಇನ್ನೊಂದು ದಾರಿ ಅದ, ಬೇವಿನ ಬೀಜದ ಕಷಾಯ. ನಾ ಎಂ.ಎಸ್ಸಿ. ಕೆಮಿಸ್ಟ್ರಿ ಓದೋವಾಗ ಅಪ್ಪಗ ಜೋರ್ ಮಾಡಿ ಅದನ್ನ ಹೊಡಿಸಿದ್ದೆ, ಮೊದಲ ವರ್ಷ ಅದು ಏನೂ ಕೆಲಸ ಮಾಡ್ಲಿಲ್ಲ. ಯಾಕ ಅಂತ ಹುಡುಕ್ಕೊಂತ ಹೋದಾಗ್ಲೇ ನನಗ ಈ ವಿಷಯ ಖರೇ ತಿಳದದ್ದು.

ಬೇವಿನ ಬೀಜದಾಗ ಕೆಲಸ ಮಾಡೋ ಮುಖ್ಯ ವಸ್ತು ಅಜಾಡಿರಾಕ್ಟಿನ್. ಒಂದೊಂದು ಅಣುವಿನ್ಯಾಗ 35 ಕಾರ್ಬನ್, 44 ಹೈಡ್ರೋಜನ್, 16 ಆಕ್ಸಿಜನ್ ಇರ್ತಾವ, ಅಂದ್ರ ದೊಡ್ಡದು, ಸಿಕ್ಕಾಪಟ್ಟೆ ಗೋಜಲು, ಅಷ್ಟೇ ಸೂಕ್ಷ್ಮ. ನಾ ಏನ್ ಮಾಡಿದ್ದೆ ಅಂದ್ರ, ಸತ್ವ ಚೊಲೋ ಇಳೀಲಿ ಅಂತ ಬೀಜನ ದೊಡ್ಡ ಪಾತ್ರಿಯೊಳಗ ಹಾಕಿ ತಾಸುಗಟ್ಲೆ ಕುದಿಸಿದ್ದೆ, ಅದಕ್ಕೂ ಮೊದ್ಲು ಮಾಳಗಿ ಮ್ಯಾಲ ಬಿಸಲಿಗೆ ಒಣಗಿಸಿದ್ದೆ, ಆಮ್ಯಾಲ ನಡು ಮಧ್ಯಾಹ್ನ ಹೊಡಿಸಿದ್ದೆ. ಮೂರೂ ತಪ್ಪು. ಕುದಿಸಿದ್ರ ಈ ಅಣು ಒಡೀತದ, ಬಿಸಲಾಗಿನ ಅಲ್ಟ್ರಾವಯೊಲೆಟ್ ಬೆಳಕಿಗೂ ಒಡೀತದ. ನೆರಳಾಗ ಒಣಗಿಸ್ರಿ, ಸಂಜಿಕ್ಕೆ ಹೊಡೀರಿ ಅಂತ ಹಳೇ ಮಂದಿ ಹೇಳ್ತಿದ್ರಲ್ಲ, ಅದು ಸುಮ್ಮನ ರೂಢಿ ಅಲ್ಲ, ಅದರ ಹಿಂದ ಇರೋದು ಇದೇ ರಸಾಯನಶಾಸ್ತ್ರ.

ಲೆಕ್ಕ ನೋಡ್ರಿ, ನನಗ ಭಾಳ ಸೇರಿದ್ದು ಇದು. ಒಂದು ಲೀಟರ್ ನೀರಿಗೆ 50 ಗ್ರಾಂ ತಿರುಳಿನ ಪುಡಿ ಹಾಕಿ ರಾತ್ರಿಯೆಲ್ಲಾ ನೆನಸ್ತಾರ. ತಿರುಳಿನ್ಯಾಗ ಅಜಾಡಿರಾಕ್ಟಿನ್ ಸುಮಾರು ಶೇಕಡಾ 0.2 ರಿಂದ 0.6 ಇರ್ತದ, ಅಂದ್ರ 50 ಗ್ರಾಂನ್ಯಾಗ 0.1 ರಿಂದ 0.3 ಗ್ರಾಂ. ನೀರಾಗ ಇದು ಕರಗೋ ಮಿತಿನೂ ಹೆಚ್ಚೂಕಮ್ಮಿ ಅಷ್ಟೇ, ಲೀಟರಿಗೆ ಕಾಲು ಗ್ರಾಂ ಆಸುಪಾಸು! ಸೋಸಿದ ನೀರು ಹಾಲಿನಂಗ ಬೆಳ್ಳಗ ಕಾಣ್ಬೇಕು, ಅದು ಎಣ್ಣಿ ಹನಿ ಸಣ್ಣಗ ಒಡದು ಬೆರತದ್ದಕ್ಕ.

ಈ ನೀರಿಗೆ ಸಾಬೂನು ಹಾಕೋದ್ರಾಗೂ ರಸಾಯನಶಾಸ್ತ್ರ ಅದ. ಸಾಬೂನಿಲ್ಲದ ನೀರು ತೊಗರಿ ಎಲಿ ಮ್ಯಾಲ ನಿಲ್ಲಂಗಿಲ್ಲ, ಉರುಳಿ ಬೀಳ್ತದ. ಆದ್ರ ನಮ್ಮ ಕಡಿ ನೀರಂದ್ರ ಶಹಾಬಾದ್ ಕಲ್ಲಿನ ನೆಲದ ನೀರು, ಸುಣ್ಣದ ಅಂಶ ಜಾಸ್ತಿ, ಬಟ್ಟಿ ಸಾಬೂನು ಹಾಕಿದ್ರ ನೊರಿ ಬರೂದಕ್ಕ ಬದ್ಲು ಬೆಳ್ಳನ ಗಸಿ ಕೂಡ್ತದ, ಅದಕ್ಕ ವಾಷಿಂಗ್ ಪೌಡರ್ ಚೊಲೋ. ಅದನ್ನೂ ಪಂಪಿಗೆ ತುಂಬೋ ಹೊತ್ತಿಗೇ ಹಾಕ್ಬೇಕು, ಯಾಕಂದ್ರ ಅಜಾಡಿರಾಕ್ಟಿನ್‌ಗ ಸ್ವಲ್ಪ ಹುಳಿ ಇರೋ ನೀರು ಸೇರ್ತದ, ಕ್ಷಾರ ಆದ್ರ ಕೆಡ್ತದ. ರಾತ್ರಿನೇ ಸಾಬೂನು ಬೆರಸಿ ಇಟ್ರ ಮುಂಜಾನಿಗಿ ಸತ್ವ ಇಳದಿರ್ತದ.

ಲ್ಯಾಬಿನ್ಯಾಗ ಮಾಡೋದೂ ಇದೇ ಕೆಲಸಾನ, ಹೆಚ್ಚು ನಿಖರ, ಅಷ್ಟೇ. ತಿರುಳಿನ ಪುಡಿನ ಮೊದ್ಲು ಹೆಕ್ಸೇನ್ ಅನ್ನೋ ಪೆಟ್ರೋಲಿನಂಥ ದ್ರವದಾಗ ನೆನಸಿ ಎಣ್ಣಿ ತಗೀತಾರ, ಎಣ್ಣಿ ಎಣ್ಣಿಯಂಥದ್ರಾಗೇ ಕರಗ್ತದ. ಉಳಿದ ಹಿಂಡಿನ ಮೆಥನಾಲ್ ಅನ್ನೋ ಆಲ್ಕೋಹಾಲ್‌ದಾಗ ಹಾಕಿದ್ರ ಅಜಾಡಿರಾಕ್ಟಿನ್ ಹೊರಗ ಬರ್ತದ, ಅದರ ಜೋಡಿ ನೂರಾರು ಬ್ಯಾರೆ ವಸ್ತುನೂ ಬರ್ತಾವ. ಇದ್ರಾಗ ಕೀಡಿಗೆ ತ್ರಾಸ ಕೊಡೋದು ಯಾವ್ದು ಅಂತ ಹೆಂಗ ಗೊತ್ತಾಗ್ಬೇಕು? ಇಂಗ್ಲೆಂಡಿನ ಕೀಲ್ ಯೂನಿವರ್ಸಿಟಿಯ ಬಟರ್‌ವರ್ತ್ ಮತ್ತ ಮಾರ್ಗನ್ ಕಂಡ್ಕೊಂಡ ರೀತಿ ನನಗ ಇವತ್ತಿಗೂ ಬೆರಗು. ಸಾರನ ಭಾಗ ಭಾಗ ಮಾಡಿ, ಒಂದೊಂದ್ರಾಗೂ ಸಕ್ಕರಿ ಹಚ್ಚಿದ ಪೇಪರ್ ಅದ್ದಿ, ಹಸದ ಮಿಡತೆ ಮುಂದ ಇಟ್ರು, ಮಿಡತೆ ಯಾವ ಪೇಪರ್ ತಿನ್ಲಿಲ್ಲೋ ಆ ಭಾಗನ ಮತ್ತ ಒಡದ್ರು, ಮತ್ತ ಇಟ್ರು, ಕಡೀಕ್ಕ ಒಂದೇ ವಸ್ತು ಉಳೀತು. ಅದು 1968. ಅಂದ್ರ ಅಲ್ಲಿ ಯಂತ್ರಕ್ಕಿಂತ ಮೊದ್ಲು ದಾರಿ ತೋರ್ಸಿದ್ದು ಮಿಡತೆ.

ಅದಕ್ಕೂ ಮೊದ್ಲು 1942ರಾಗ ಸಲೀಮುಜ್ಜಮಾನ್ ಸಿದ್ದೀಕಿ ಅನ್ನೋ ನಮ್ಮ ಉಪಖಂಡದ ವಿಜ್ಞಾನಿ ಬೇವಿನ ಎಣ್ಣಿಯಿಂದ ನಿಂಬಿನ್ ಮೊದಲಾದ ಕಹಿ ವಸ್ತು ಬ್ಯಾರೆ ಮಾಡಿದ್ರು. ಅಜಾಡಿರಾಕ್ಟಿನ್‌ನ ಪೂರ್ತಿ ರಚನೆ ಪಕ್ಕಾ ಆಗ್ಲಿಕ್ಕೆ 1980ರ ದಶಕ ಬರ್ಬೇಕಾಯ್ತು, ಲ್ಯಾಬಿನ್ಯಾಗ ಅದನ್ನ ಮೊದಲಿಂದ ಕಟ್ಟಿದ್ದು 2007ರಾಗ, ಕೇಂಬ್ರಿಡ್ಜಿನ ಸ್ಟೀವನ್ ಲೇ ಅವರ ತಂಡ, 22 ವರ್ಷ ದುಡದು. ನಮ್ಮ ಅಂಗಳದ ಗಿಡ ಅದನ್ನೇ ಪ್ರತಿ ಮಳೆಗಾಲ ನೆಲಕ್ಕ ಚೆಲ್ತದ, ನಾವು ಕಸಬರಿಗಿ ತಗೊಂಡು ಗುಡಿಸಿ ಹಾಕ್ತೀವಿ, ಹೊಟ್ಟಿ ಉರೀತದ ನನಗ.

ಪೇಟೆಂಟಿನ ಕತಿನೂ ಹೇಳ್ಬೇಕು. ಬೇವಿನ ಎಣ್ಣಿ ಬಳಸಿ ಬೆಳಿಗಿ ಬರೋ ಬೂಷ್ಟು ತಡಿಯೋ ವಿಧಾನಕ್ಕ ಅಮೆರಿಕದ ಕೃಷಿ ಇಲಾಖೆ ಮತ್ತ ಡಬ್ಲ್ಯು.ಆರ್. ಗ್ರೇಸ್ ಕಂಪನಿಗೆ 1994ರಾಗ ಯುರೋಪಿನ ಪೇಟೆಂಟ್ ಸಿಕ್ಕಿತ್ತು. ಭಾರತದಾಗ ಇದು ಮೊದ್ಲೇ ಗೊತ್ತಿತ್ತು ಅಂತ ಪರಿಸರ ಹೋರಾಟಗಾರ್ತಿ ವಂದನಾ ಶಿವಾ ಮತ್ತ ಇತರರು ತಕರಾರು ಹಾಕಿದ್ರು, 2000ದಾಗ ಅದು ರದ್ದಾಯ್ತು, 2005ರಾಗ ಮೇಲ್ಮನವಿನೂ ಬಿದ್ದೋಯ್ತು. ಸರಿಯಾದದ್ದೇ ಆಯ್ತು.

ಆದ್ರ ಲ್ಯಾಬ್ ಯಾಕ ಬೇಕು ಅಂದ್ರ, ಗಿಡದಿಂದ ಗಿಡಕ್ಕ ಸತ್ವ ಬದಲಾಗ್ತದ, ಪ್ಲಾಸ್ಟಿಕ್ ಚೀಲದಾಗ ಬೂಷ್ಟು ಹಿಡದ ಬೀಜದಾಗ ಇನ್ನೂ ಕಮ್ಮಿ. ನಿಮ್ಮ ಬಕೆಟ್‌ದಾಗ ಎಷ್ಟು ಇಳದದ ಅಂತ ಕಣ್ಣಿಗಿ ಕಾಣಂಗಿಲ್ಲ, ಬೆರಕಿಯಾಗಿನ ಒಂದೊಂದು ವಸ್ತುನೂ ಬ್ಯಾರೆ ಮಾಡಿ ಅಳಿಯೋ ಎಚ್‌ಪಿಎಲ್‌ಸಿ ಅನ್ನೋ ಯಂತ್ರಕ್ಕ ಕಾಣ್ತದ. ಅಂಗಡಿ ಬಾಟಲಿ ಮ್ಯಾಲ 1500 ಪಿಪಿಎಂ ಅಂತ ಬರದಿರ್ತದಲ್ಲ, ಹತ್ತು ಲಕ್ಷದಾಗ 1500 ಪಾಲು, ಅದು ಹಿಂಗ ಅಳದ ಲೆಕ್ಕ.

ಎರಡನೇ ವರ್ಷ ನೆರಳಾಗ ಒಣಗಿಸಿ, ತಣ್ಣೀರಾಗ ನೆನಸಿ, ಕೀಡಿ ಇನ್ನೂ ಸಣ್ಣದಿದ್ದಾಗ್ಲೇ ಸಂಜಿಕ್ಕೆ ಹೊಡದ್ವಿ. ಮೂರು ದಿನ ಬಿಟ್ಟು ಅಪ್ಪ ಹೊಲದಿಂದ ಬಂದು, "ತಮ್ಮಾ, ಕೀಡಿ ಸತ್ತೇ ಇಲ್ಲಲ್ಲೋ" ಅಂದ. ಇದು ಕೊಲ್ಲೋ ಎಣ್ಣಿ ಅಲ್ಲ, ಮೊದ್ಲು ತಿನ್ನೋದು ಬಿಡಿಸ್ತದ, ಆಮ್ಯಾಲ ಪೊರಿ ಕಳಿಯೋ ಹಾರ್ಮೋನ್ ಕೆಡಸ್ತದ, ತಡೀಪಾ ಅಪ್ಪಾ ಅಂದೆ. ಆರನೇ ದಿನ ಅಪ್ಪನೇ ಒಂದು ಕೊಂಬಿ ಮುರ್ಕೊಂಡು ಬಂದು ತೋರ್ಸಿದ. ಎಲಿ ಮ್ಯಾಲ ಒಂದು ಕೀಡಿ, ಅರ್ಧ ಮೈ ಹಳೇ ಚರ್ಮದಾಗ ಸಿಕ್ಕಿ, ತಲಿ ಅಷ್ಟೇ ಹೊರಗ ಬಂದು ಅಲ್ಲೇ ನಿಂತಿತ್ತು, ಪಕ್ಕದ ಕಾಯಿ ಪೂರ್ತಿ ಇತ್ತು.